ಕನ್ನಡಕದೊಳಗಿನ ಜಾತ್ರೆ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಗರೆ ಎಂಬ ಊರು ಸಿಗುತ್ತದೆ. ಇಲ್ಲಿ ದಾರಿ ಕವಲಾಗುತ್ತದೆ. ಒಂದು ಕವಲು ಬೇಲೂರಿಗೆ, ಇನ್ನೊಂದು ಹಳೇಬೀಡಿಗೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ದೇವಾಲಯಗಳ ಚಿತ್ರವನ್ನು ನೋಡದ ಕನ್ನಡಿಗರಿಲ್ಲ. ಶಾಲೆಯ ಪಠ್ಯಪುಸ್ತಕದಲ್ಲಿ, ಗೋಡೆಯ ಕ್ಯಾಲೆಂಡರಿನಲ್ಲಿ, ಈಗ ಅಂಗೈಯ ಮೊಬೈಲಿನಲ್ಲಿ ದರ್ಪಣ ಸುಂದರಿ ಎಲ್ಲರಿಗೂ ಪರಿಚಿತಳೇ. ಆದರೂ ಜನ ಮಕ್ಕಳು ಮರಿ ಕಟ್ಟಿಕೊಂಡು, ಬಸ್ಸು ಹತ್ತಿ, ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆದು ಅವಳನ್ನು ನೋಡಲು ಬರುತ್ತಾರೆ. ಚಿತ್ರದಲ್ಲಿ ಸಿಗದ ಏನೋ ಒಂದು ಅಲ್ಲಿ ಹೋಗಿ ನಿಂತಾಗ ಸಿಗುತ್ತದೆ ಎಂಬುದು ಅವರಿಗೆ ಗೊತ್ತು.

'ನಾನು ಇಲ್ಲೇ ಇದ್ದೇನೆ' ಎನ್ನುವ ಆ ಭಾವವನ್ನೇ ಯಂತ್ರದಿಂದ ಹುಟ್ಟಿಸುತ್ತೇವೆ ಎಂದು ಹೊರಟ ತಂತ್ರಜ್ಞಾನಕ್ಕೆ ವರ್ಚುವಲ್ ರಿಯಾಲಿಟಿ ಎಂದು ಹೆಸರು. ಕನ್ನಡದಲ್ಲಿ ಕೆಲವರು ಇದನ್ನು ಮಿಥ್ಯಾವಾಸ್ತವ ಎಂದು ಕರೆದಿದ್ದಾರೆ. ಬಳಕೆಯಲ್ಲಿ ವಿ.ಆರ್. ಎಂದರೆ ಸಾಕು. ಮುಖಕ್ಕೆ ಒಂದು ದಪ್ಪ ಕನ್ನಡಕ ಕಟ್ಟಿಕೊಂಡರೆ ಕೂತಲ್ಲೇ ಕಾಡು, ಕಡಲು, ಕೋಟೆ, ಯುದ್ಧಭೂಮಿ ಎಲ್ಲವೂ ಸುತ್ತ ಮೂಡುತ್ತವೆ. ತಲೆ ತಿರುಗಿಸಿದ ಕಡೆ ಲೋಕವೂ ತಿರುಗುತ್ತದೆ. ಈ ಮಾತನ್ನು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದವರು ಕಂಪ್ಯೂಟರ್ ಆಟಗಳನ್ನು ತಯಾರಿಸುವವರು. ಇನ್ನು ಮುಂದೆ ಆಟವನ್ನು ಪರದೆಯ ಮೇಲೆ ನೋಡಬೇಕಿಲ್ಲ, ಅದರೊಳಗೇ ಹೋಗಿ ಆಡಬಹುದು ಎಂದರು. ಮೂವತ್ತು ವರ್ಷಗಳಲ್ಲಿ ಎರಡು ಬಾರಿ ಈ ಮಾತಿಗೆ ಜಗತ್ತು ಕಿವಿಗೊಟ್ಟಿತು, ಎರಡು ಬಾರಿಯೂ ಕೋಟಿಗಟ್ಟಲೆ ಹಣ ಸುರಿಯಿತು. ಹಾಗಾದರೆ ಕೊಟ್ಟ ಮಾತು ಉಳಿಯಿತೇ? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಎರಡು ಕಣ್ಣುಗಳ ಗುಟ್ಟು

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಎರಡೂ ಕಣ್ಣುಗಳು ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನದಿಂದ ನೋಡುತ್ತವೆ. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಆಚೀಚೆ ಜಿಗಿದಂತೆ ಕಾಣುವುದು ಇದರಿಂದಲೇ. ಈ ಎರಡು ಚಿತ್ರಗಳ ನಡುವಿನ ವ್ಯತ್ಯಾಸದಿಂದ ಮಿದುಳು ದೂರವನ್ನೂ ಆಳವನ್ನೂ ಅಳೆಯುತ್ತದೆ. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಈ ಗುಟ್ಟನ್ನು ವಿವರಿಸಿ, ಎರಡು ಕಣ್ಣಿಗೂ ಎರಡು ಬೇರೆ ಚಿತ್ರ ತೋರಿಸಿ ಆಳದ ಭ್ರಮೆ ಹುಟ್ಟಿಸುವ ಸ್ಟೀರಿಯೋಸ್ಕೋಪ್ ಎಂಬ ಉಪಕರಣವನ್ನು ಜಗತ್ತಿನ ಮುಂದಿಟ್ಟ. ಅದರ ಮರಿಮಗುವೇ ವ್ಯೂ ಮಾಸ್ಟರ್. ದುಂಡು ತಟ್ಟೆಯನ್ನು ಸಿಕ್ಕಿಸಿ, ಸನ್ನೆ ಒತ್ತುತ್ತಾ ಒಂದೊಂದೇ ಚಿತ್ರ ನೋಡುತ್ತಿದ್ದ ಆ ಡಬ್ಬಿ ನಮ್ಮ ಅನೇಕ ಮನೆಗಳ ಅಟ್ಟದಲ್ಲಿ ಈಗಲೂ ಧೂಳು ತಿನ್ನುತ್ತಿರಬಹುದು.

ವ್ಯೂ ಮಾಸ್ಟರಿನಲ್ಲಿ ತಲೆ ತಿರುಗಿಸಿದರೆ ಚಿತ್ರವೂ ಡಬ್ಬಿಯ ಜೊತೆಗೇ ತಿರುಗುತ್ತದೆ. ಈ ಕೊರತೆಯನ್ನು ನೀಗಿಸಲು ಹೊರಟವರಲ್ಲಿ ಅಮೆರಿಕದ ಐವನ್ ಸದರ್‌ಲ್ಯಾಂಡ್ ಮುಖ್ಯನು. 1968ರಲ್ಲಿ ಅವನು ಕಟ್ಟಿದ ಯಂತ್ರ ತಲೆಯ ಚಲನೆಯನ್ನು ಅಳೆದು, ಅದಕ್ಕೆ ತಕ್ಕಂತೆ ಚಿತ್ರವನ್ನು ಬದಲಿಸುತ್ತಿತ್ತು. ಯಂತ್ರ ಎಷ್ಟು ಭಾರವಾಗಿತ್ತೆಂದರೆ ಅದನ್ನು ಸೂರಿನಿಂದ ನೇತುಹಾಕಿ, ನೋಡುವವನು ಅದರ ಕೆಳಗೆ ತಲೆಯೊಡ್ಡಬೇಕಿತ್ತು. ಕಾಣುತ್ತಿದ್ದುದು ಬರೀ ಗೆರೆಗಳಿಂದ ಬರೆದ ಆಕೃತಿ. ಆದರೆ ಆ ಗೆರೆಗಳು ನೋಡುವವನ ಎದುರಿಗೆ ಗಾಳಿಯಲ್ಲಿ ನಿಂತಿದ್ದವು. ಇಂದಿನ ಎಲ್ಲ ವಿ.ಆರ್. ಕನ್ನಡಕಗಳೂ ಇದೇ ತತ್ವದ ಮೇಲೆ ನಡೆಯುತ್ತವೆ: ಎರಡು ಕಣ್ಣಿಗೆ ಎರಡು ಚಿತ್ರ, ತಲೆ ಅಲುಗಿದಾಗಲೆಲ್ಲ ಹೊಸ ಚಿತ್ರ.

ಹೇಳಲು ಇದು ಸುಲಭ, ಮಾಡಲು ಕಷ್ಟ. ಒಳ್ಳೆಯ ಕನ್ನಡಕವೊಂದು ಸೆಕೆಂಡಿಗೆ 90 ಬಾರಿ ಚಿತ್ರ ಬದಲಿಸುತ್ತದೆ. ಎರಡು ಕಣ್ಣಿಗೂ ಸೇರಿ 180 ಚಿತ್ರಗಳಾದವು. ತಲೆ ಅಲುಗಿದ ಕ್ಷಣಕ್ಕೂ ಹೊಸ ಚಿತ್ರ ಮೂಡುವ ಕ್ಷಣಕ್ಕೂ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಹೋಗಬಾರದು. ಹೋದರೆ ಕಣ್ಣಿಗೆ ಮೋಸ ಗೊತ್ತಾಗಿಬಿಡುತ್ತದೆ.

ಮೊದಲ ಸಂಭ್ರಮ

ವರ್ಚುವಲ್ ರಿಯಾಲಿಟಿ ಎಂಬ ಹೆಸರನ್ನು ಜನರ ಬಾಯಿಗೆ ತಂದವನು ಅಮೆರಿಕದ ಜರಾನ್ ಲೆನಿಯರ್, 1980ರ ದಶಕದ ಕೊನೆಯಲ್ಲಿ. 1991ರಲ್ಲಿ ಇಂಗ್ಲೆಂಡಿನ ಕಂಪನಿಯೊಂದು ವರ್ಚುವಾಲಿಟಿ ಎಂಬ ಆಟದ ಯಂತ್ರವನ್ನು ಆಟದಂಗಡಿಗಳಿಗೆ ತಂದಿತು. ಆಡುವವನು ಕಟಕಟೆಯಂಥ ಕಂಬಿಯ ಬಳೆಯೊಳಗೆ ನಿಂತು ಭಾರವಾದ ಶಿರಸ್ತ್ರಾಣ ಹೊತ್ತು ಎದುರಾಳಿಯನ್ನು ಬೇಟೆಯಾಡಬೇಕಿತ್ತು. ಜನ ಸಾಲು ನಿಂತು ಆಡಿದರು. ಮರುವರ್ಷ ಹಾಲಿವುಡ್ ಇದೇ ವಿಷಯದ ಮೇಲೆ ಸಿನಿಮಾ ತೆಗೆಯಿತು. ಮನೆ ಮನೆಗೂ ಇದು ಬಂದೇ ಬರುತ್ತದೆ ಎಂದು ಎಲ್ಲರೂ ನಂಬಿದರು.

ನಂಬಿಕೆ ಬಹಳ ದಿನ ಉಳಿಯಲಿಲ್ಲ. ಜಪಾನಿನ ಸೆಗಾ ಕಂಪನಿ ಮನೆಬಳಕೆಯ ವಿ.ಆರ್. ಕನ್ನಡಕವನ್ನು ಪ್ರದರ್ಶನಕ್ಕಿಟ್ಟರೂ ಮಾರುಕಟ್ಟೆಗೆ ತರದೆ ಕೈಬಿಟ್ಟಿತು. 1995ರಲ್ಲಿ ನಿಂಟೆಂಡೊ ವರ್ಚುವಲ್ ಬಾಯ್ ಎಂಬ ಯಂತ್ರವನ್ನು ತಂದಿತು. ಅದರಲ್ಲಿ ಬಣ್ಣಗಳಿರಲಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಬರೀ ಕೆಂಪು ಗೆರೆಗಳು. ಆಡಿದವರಿಗೆ ಕಣ್ಣುನೋವು, ತಲೆನೋವು, ಕತ್ತುನೋವು. ಸುಮಾರು 7.7 ಲಕ್ಷ ಯಂತ್ರಗಳು ಮಾರಾಟವಾಗುವಷ್ಟರಲ್ಲಿ, ಒಂದು ವರ್ಷ ತುಂಬುತ್ತಿದ್ದಂತೆ, ಕಂಪನಿ ಅದನ್ನು ನಿಲ್ಲಿಸಿತು. 1997ರಲ್ಲಿ ವರ್ಚುವಾಲಿಟಿ ಕಂಪನಿಯೂ ದಿವಾಳಿಯೆದ್ದಿತು. ಯಂತ್ರಗಳು ಭಾರ, ಚಿತ್ರಗಳು ಒರಟು, ಬೆಲೆ ವಿಪರೀತ. ಸೋಲಿಗೆ ಇಷ್ಟು ಕಾರಣ ಸಾಕು ಎಂದು ಆಗ ಎಲ್ಲರೂ ಅಂದುಕೊಂಡರು. ಯಂತ್ರ ಹಗುರಾಗಿ, ಚಿತ್ರ ನಯವಾಗಿ, ಬೆಲೆ ಇಳಿದರೆ ಗೆಲುವು ಖಂಡಿತ ಎಂಬ ತೀರ್ಮಾನ ಈ ಮಾತಿನೊಳಗೇ ಅಡಗಿತ್ತು.

ಎರಡನೆಯ ಸಂಭ್ರಮ

ಯಂತ್ರವನ್ನು ಹಗುರ ಮಾಡಿದ್ದು ಮೊಬೈಲ್ ಫೋನು. ಕೋಟ್ಯಂತರ ಫೋನುಗಳು ತಯಾರಾದದ್ದರಿಂದ ಪುಟ್ಟದಾದ ಸ್ಪಷ್ಟ ಪರದೆಗಳೂ ಅಲುಗಾಟವನ್ನು ಅಳೆಯುವ ಬಿಲ್ಲೆಗಳೂ ಅಗ್ಗವಾದವು. 2012ರಲ್ಲಿ ಆಕ್ಯುಲಸ್ ಎಂಬ ಹೊಸ ಅಮೆರಿಕನ್ ಕಂಪನಿ ತನ್ನ ಕನ್ನಡಕಕ್ಕಾಗಿ ಸಾರ್ವಜನಿಕರಿಂದ ಎರಡೂವರೆ ಲಕ್ಷ ಡಾಲರ್ ಕೇಳಿತು. ಬಂದದ್ದು 24 ಲಕ್ಷ. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು 200 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಗೂಗಲ್ ರಟ್ಟಿನ ಮಡಿಕೆಯೊಳಗೆ ಫೋನು ಸಿಕ್ಕಿಸಿ ನೋಡುವ ಕಾರ್ಡ್‌ಬೋರ್ಡ್ ಎಂಬ ಸರಳ ಸಾಧನವನ್ನು ಹಂಚಿತು. 2016ರಲ್ಲಿ ಆಕ್ಯುಲಸ್, ಎಚ್‌ಟಿಸಿ, ಸೋನಿ ಮೂರೂ ತಂತಮ್ಮ ಕನ್ನಡಕಗಳನ್ನು ಮಾರಾಟಕ್ಕೆ ಬಿಟ್ಟವು. 2020ರಲ್ಲಿ ಬಂದ ಕ್ವೆಸ್ಟ್ 2ಕ್ಕೆ ಕಂಪ್ಯೂಟರೂ ಬೇಕಿಲ್ಲ, ತಂತಿಯೂ ಬೇಕಿಲ್ಲ. ಬೆಲೆ 299 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 22,000 ರೂಪಾಯಿ. 2021ರಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. 1995ರಲ್ಲಿ ಇಲ್ಲದಿದ್ದುದೆಲ್ಲ ಈಗ ಇತ್ತು. ಭಾರ ಇಳಿದಿತ್ತು, ಚಿತ್ರ ನಯವಾಗಿತ್ತು, ಬೆಲೆ ಕೈಗೆಟುಕುವಂತಿತ್ತು.

ಫಲಿತಾಂಶ ಏನು? ಸೋನಿ ಕೊಟ್ಟ ಲೆಕ್ಕವನ್ನೇ ನೋಡಬಹುದು. 2020ರ ಜನವರಿಯಲ್ಲಿ ಅದು ಪ್ರಕಟಿಸಿದಂತೆ ಪ್ಲೇಸ್ಟೇಷನ್ 4 ಯಂತ್ರಗಳು 10.6 ಕೋಟಿ ಮಾರಾಟವಾಗಿದ್ದವು, ಅದಕ್ಕೆ ಜೋಡಿಸುವ ವಿ.ಆರ್. ಕನ್ನಡಕಗಳು 50 ಲಕ್ಷ. ಅಂದರೆ ಯಂತ್ರ ಕೊಂಡ ಇಪ್ಪತ್ತು ಮನೆಗಳಲ್ಲಿ ಒಂದು ಮನೆ ಮಾತ್ರ ಕನ್ನಡಕ ಕೊಂಡಿತು. ಕಂಪ್ಯೂಟರ್ ಆಟಗಳ ಅತಿ ದೊಡ್ಡ ಮಾರುಕಟ್ಟೆಯಾದ ಸ್ಟೀಮ್ ತಿಂಗಳು ತಿಂಗಳು ನಡೆಸುವ ಸಮೀಕ್ಷೆಯಲ್ಲಿ ವಿ.ಆರ್. ಕನ್ನಡಕ ಉಳ್ಳವರ ಪ್ರಮಾಣ ಹಲವು ವರ್ಷ ಶೇಕಡ 2ರ ಆಸುಪಾಸಿನಲ್ಲೇ ಓಲಾಡಿತು. ವಿ.ಆರ್. ಮತ್ತು ಅದರ ಬಂಧುಬಳಗದ ಉಪಕರಣಗಳನ್ನು ನೋಡಿಕೊಳ್ಳುವ ಮೆಟಾದ ವಿಭಾಗ 2022ರಿಂದ 2024ರವರೆಗಿನ ಮೂರು ವರ್ಷಗಳಲ್ಲಿ ಅನುಭವಿಸಿದ ನಷ್ಟ ಸುಮಾರು 4,750 ಕೋಟಿ ಡಾಲರ್. ರೂಪಾಯಿಯಲ್ಲಿ ಹೇಳುವುದಾದರೆ ಸುಮಾರು ನಾಲ್ಕು ಲಕ್ಷ ಕೋಟಿ. ಕರ್ನಾಟಕ ಸರ್ಕಾರದ 2025–26ರ ಇಡೀ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ ಎಂಬುದನ್ನು ನೆನೆದರೆ ಈ ಮೊತ್ತದ ಅಂದಾಜು ಸಿಕ್ಕೀತು.

ಭಾರತದಲ್ಲೂ ಪ್ರಯೋಗಗಳು ನಡೆದವು. 2023ರ ಐಪಿಎಲ್ ಸಮಯದಲ್ಲಿ ಜಿಯೋ ಕಂಪನಿ 1,299 ರೂಪಾಯಿಗೆ ಜಿಯೋಡೈವ್ ಎಂಬ ಕನ್ನಡಕವನ್ನು ತಂದಿತು. ಅದರೊಳಗೆ ಫೋನು ಇಟ್ಟು ಕ್ರೀಡಾಂಗಣದ ನಡುವೆ ಕೂತಂತೆ ಪಂದ್ಯ ನೋಡಬಹುದು ಎಂಬುದು ಅದರ ಆಕರ್ಷಣೆ. ನಮ್ಮ ಜನ ಮಾತ್ರ ಐಪಿಎಲ್ ಪಂದ್ಯವನ್ನು ಫೋನಿನಲ್ಲೋ ಟಿ.ವಿ.ಯಲ್ಲೋ ನೋಡುವ ಅಭ್ಯಾಸವನ್ನು ಬಿಟ್ಟಿಲ್ಲ.

ಹಾಗಾದರೆ ಭಾರ, ಬೆಲೆ, ಚಿತ್ರದ ಒರಟುತನಗಳೇ ಸೋಲಿನ ಕಾರಣ ಎಂಬ ಹಳೆಯ ತೀರ್ಮಾನ ಸಾಲದು. ತೊಡಕು ಬೇರೆಡೆ ಇದೆ. ಅದರಲ್ಲಿ ಒಂದು ನಮ್ಮ ದೇಹದೊಳಗೆ, ಇನ್ನೊಂದು ನಮ್ಮ ಮನೆಯೊಳಗೆ.

ಕಣ್ಣು ಒಪ್ಪಿದರೂ ಕಿವಿ ಒಪ್ಪದು

ಹಾಸನದ ಕಡೆಯವರಿಗೆ ಶಿರಾಡಿ ಘಾಟಿ ಹೊಸದಲ್ಲ. ಸಕಲೇಶಪುರ ದಾಟಿ ತಿರುವುಗಳು ಶುರುವಾದೊಡನೆ ಬಸ್ಸಿನಲ್ಲಿ ಒಬ್ಬೊಬ್ಬರೇ ನಿಂಬೆಹಣ್ಣು ಮೂಸತೊಡಗುತ್ತಾರೆ. ಡ್ರೈವರಿಗೆ ಏನೂ ಆಗುವುದಿಲ್ಲ. ತಲೆ ತಗ್ಗಿಸಿ ಪತ್ರಿಕೆ ಓದುತ್ತಿದ್ದವರಿಗೇ ಮೊದಲು ಹೊಟ್ಟೆ ತೊಳಸುತ್ತದೆ. ಇದಕ್ಕೆ ಕಾರಣ ಒಳಗಿವಿಯಲ್ಲಿದೆ. ಅಲ್ಲಿ ದ್ರವ ತುಂಬಿದ ಮೂರು ಪುಟ್ಟ ನಾಳಗಳಿವೆ. ತಲೆ ಯಾವ ಕಡೆ ಎಷ್ಟು ತಿರುಗಿತು ಎಂಬುದನ್ನು ಅವು ಮಿದುಳಿಗೆ ತಿಳಿಸುತ್ತವೆ. ಬಸ್ಸು ತಿರುವಿನಲ್ಲಿ ತೂಗಾಡುವಾಗ ಕಿವಿ 'ನಾವು ಚಲಿಸುತ್ತಿದ್ದೇವೆ' ಎನ್ನುತ್ತದೆ. ಪತ್ರಿಕೆಯ ಮೇಲೆ ನೆಟ್ಟ ಕಣ್ಣು 'ಇಲ್ಲ, ಎಲ್ಲವೂ ನಿಂತಿದೆ' ಎನ್ನುತ್ತದೆ. ಎರಡು ಸಾಕ್ಷಿಗಳ ಹೇಳಿಕೆ ಹೊಂದದಿದ್ದಾಗ ಹೊಟ್ಟೆ ಕೆಡುತ್ತದೆ. ರಸ್ತೆಯನ್ನೇ ನೋಡುತ್ತಾ ತಿರುವನ್ನು ಮೊದಲೇ ಊಹಿಸುವ ಡ್ರೈವರಿಗೆ ಈ ಜಗಳವಿಲ್ಲ.

ವಿ.ಆರ್. ಆಟದಲ್ಲಿ ಇದೇ ಜಗಳ ತಿರುವುಮುರುವಾಗಿ ನಡೆಯುತ್ತದೆ. ಕಣ್ಣಿನ ಮುಂದೆ ಕುದುರೆ ಓಡುತ್ತಿದೆ, ವಿಮಾನ ಹಾರುತ್ತಿದೆ. ಆಡುವವನು ಮಾತ್ರ ಕುರ್ಚಿಯ ಮೇಲೆ ಕೂತಿದ್ದಾನೆ. ಈಗ ಕಣ್ಣು 'ಓಡುತ್ತಿದ್ದೇವೆ' ಎಂದರೆ ಕಿವಿ 'ಕೂತಿದ್ದೇವೆ' ಎನ್ನುತ್ತದೆ. ಚಿತ್ರ ಎಷ್ಟು ನಿಜದಂತಿದೆಯೋ ಜಗಳವೂ ಅಷ್ಟು ಜೋರು. ಇಲ್ಲೇ ಇರುವುದು ಸ್ವಾರಸ್ಯ. ತಂತ್ರಜ್ಞಾನ ಸುಧಾರಿಸಿದಂತೆ ತಡವಾಗಿ ಮೂಡುವ ಚಿತ್ರದಿಂದ ಬರುತ್ತಿದ್ದ ತಲೆಸುತ್ತು ಕಡಿಮೆಯಾಯಿತು. ಆದರೆ ಕೂತವನನ್ನು ಓಡಿಸುವುದರಿಂದ ಬರುವ ತಲೆಸುತ್ತು ಕಂಪ್ಯೂಟರಿನ ದೋಷವಲ್ಲ. ಅದು ಮನುಷ್ಯನ ರಚನೆ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ ಎಂಬುದೂ ನಿಜ. ಘಾಟಿಯಲ್ಲಿ ಎಲ್ಲರೂ ವಾಂತಿ ಮಾಡುವುದಿಲ್ಲವಲ್ಲ.

ಕಣ್ಣಿಗೂ ಒಂದು ಹೊರೆಯಿದೆ. ಹತ್ತಿರದ ವಸ್ತುವನ್ನು ನೋಡುವಾಗ ಎರಡು ಕಣ್ಣುಗಳೂ ಒಳಮುಖವಾಗಿ ತಿರುಗುತ್ತವೆ, ಜೊತೆಗೆ ಕಣ್ಣಿನ ಮಸೂರ ಉಬ್ಬಿ ದೃಷ್ಟಿಯನ್ನು ಹೊಂದಿಸಿಕೊಳ್ಳುತ್ತದೆ. ಇವೆರಡೂ ಜೋಡೆತ್ತಿನಂತೆ ಒಟ್ಟಿಗೆ ನಡೆಯುವ ಕೆಲಸಗಳು. ಕನ್ನಡಕದೊಳಗೆ ವಸ್ತು ಹತ್ತಿರ ಬಂದಂತೆ ಕಂಡಾಗ ಕಣ್ಣುಗಳು ಒಳಗೆ ತಿರುಗುತ್ತವೆ. ಆದರೆ ಬೆಳಕು ಬರುತ್ತಿರುವುದು ಒಂದೇ ನಿಗದಿತ ದೂರದಿಂದ. ಆದ್ದರಿಂದ ಮಸೂರ ಅಲುಗುವಂತಿಲ್ಲ. ಒಂದು ಎತ್ತು ಮುಂದೆ ಎಳೆಯುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಅರ್ಧ ಗಂಟೆಯ ಆಟದ ಮೇಲೆ ಕಣ್ಣು ಭಾರವಾಗಲು ಇದೂ ಒಂದು ಕಾರಣ.

ಆಟ ಕಟ್ಟುವವರು ಸುಮ್ಮನೆ ಕೂರಲಿಲ್ಲ. ಆಡುವವನನ್ನು ಓಡಿಸುವ ಬದಲು, ಅವನು ಬೆರಳು ತೋರಿಸಿದ ಕಡೆಗೆ ಒಂದೇ ನೆಗೆತಕ್ಕೆ ಒಯ್ದು ನಿಲ್ಲಿಸುವ ಉಪಾಯ ಹುಡುಕಿದರು. 2020ರ ಹಾಫ್-ಲೈಫ್: ಅಲಿಕ್ಸ್ ಎಂಬ ಆಟ ಈ ಉಪಾಯವನ್ನೂ ಬಳಸಿಕೊಂಡು ವಿಮರ್ಶಕರಿಂದ ಭಾರಿ ಹೊಗಳಿಕೆ ಪಡೆಯಿತು. ಎಲ್ಲಕ್ಕಿಂತ ಜನಪ್ರಿಯವಾದ ವಿ.ಆರ್. ಆಟಗಳಲ್ಲಿ ಒಂದಾದ ಬೀಟ್ ಸೇಬರ್ ಇನ್ನೂ ಸರಳ. ಚೆಕ್ ದೇಶದ ಪುಟ್ಟ ತಂಡವೊಂದು 2018ರಲ್ಲಿ ತಂದ ಈ ಆಟದಲ್ಲಿ ಆಡುವವನು ನಿಂತಲ್ಲೇ ನಿಂತಿರುತ್ತಾನೆ. ಹಾಡಿನ ತಾಳಕ್ಕೆ ಸರಿಯಾಗಿ ಎದುರಿನಿಂದ ಬಣ್ಣದ ಘನಾಕೃತಿಗಳು ಬರುತ್ತವೆ. ಎರಡು ಕೈಗಳ ಬೆಳಕಿನ ಕತ್ತಿಗಳಿಂದ ಅವನ್ನು ಕತ್ತರಿಸಬೇಕು. ಕೈ ನಿಜವಾಗಿ ಬೀಸಿದರೆ ಮಾತ್ರ ಕತ್ತಿ ಬೀಸುತ್ತದೆ. ಕಣ್ಣು ಕಂಡದ್ದನ್ನೇ ದೇಹವೂ ಮಾಡುತ್ತದೆ. ತಲೆಸುತ್ತಿಲ್ಲ, ಬೆವರು ಉಂಟು. ಈ ಎರಡು ಆಟಗಳೂ ಹೇಳುವ ಪಾಠ ಒಂದೇ: ದೇಹ ಒಪ್ಪುವಷ್ಟನ್ನು ಮಾತ್ರ ಕಣ್ಣಿಗೆ ತೋರಿಸಿದಾಗ ವಿ.ಆರ್. ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತದೆ.

ಜಗಲಿಯ ಆಟ, ಜಾತ್ರೆಯ ಆಟ

ಎರಡನೆಯ ತೊಡಕು ಮನೆಯೊಳಗಿನದು ಎಂದೆನಷ್ಟೆ. ಅದನ್ನು ತಿಳಿಯಲು ನಮ್ಮ ಹಳೆಯ ಆಟಗಳನ್ನು ನೆನೆಯಬೇಕು. ದಕ್ಷಿಣ ಭಾರತದ ಎಷ್ಟೋ ದೇವಾಲಯಗಳ ಕಲ್ಲಿನ ನೆಲದ ಮೇಲೆ ಯಾರೋ ಎಂದೋ ಗೀಚಿದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಹಂಪಿಗೆ ಹೋದವರು ಇವನ್ನು ನೋಡಿರಬಹುದು. ಚೌಕಾಬಾರ, ಹುಲಿ-ಕುರಿ, ಅಳಗುಳಿಮಣೆ ಮೊದಲಾದವು ಜಗಲಿಯ ಆಟಗಳು. ಇವುಗಳಲ್ಲಿ ಆಡುವವರು ಇಬ್ಬರೋ ನಾಲ್ವರೋ ಇದ್ದರೆ ಸುತ್ತ ನಿಂತು ಸಲಹೆ ಕೊಡುವವರು ಹತ್ತು ಮಂದಿ. ನಡುವೆ ಕಾಫಿ ಬಂದರೆ ಕುಡಿದು ಮುಂದುವರಿಸಬಹುದು. ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು ಕವಡೆ ಬಿಡಬಹುದು. ದಿನವೂ ಆಡಿದರೂ ಬೇಸರವಿಲ್ಲ. ಮೊಬೈಲ್ ಆಟಗಳು ಹಳ್ಳಿ ಹಳ್ಳಿಗೂ ಹಬ್ಬಿದ್ದು ಇದೇ ಗುಣದಿಂದ. ಬಸ್ಸು ಬರುವವರೆಗೆ ಆಡಿ, ಬಂದೊಡನೆ ಜೇಬಿಗಿಳಿಸಬಹುದು. ಪಕ್ಕದವನು ಇಣುಕಿ ನೋಡಬಹುದು.

ವಿ.ಆರ್. ಕನ್ನಡಕ ಇದಕ್ಕೆ ತದ್ವಿರುದ್ಧ. ಅದನ್ನು ಕಟ್ಟಿಕೊಂಡವನಿಗೆ ಮನೆ ಕಾಣುವುದಿಲ್ಲ, ಮನೆಯವರಿಗೆ ಅವನ ಕಣ್ಣು ಕಾಣುವುದಿಲ್ಲ. ಕೈ ಬೀಸಲು ಖಾಲಿ ಜಾಗ ಬೇಕು. ಒಂದು ಕೋಣೆಯಲ್ಲಿ ನಾಲ್ವರು ಬದುಕುವ ಮನೆಯಲ್ಲಿ ಆ ಜಾಗವೆಲ್ಲಿ? ಮಗ ಗಾಳಿಯಲ್ಲಿ ಕತ್ತಿ ಬೀಸುತ್ತಿದ್ದರೆ ಅಜ್ಜಿ ಗೋಡೆಗೊರಗಿ ದಾರಿ ಮಾಡಿಕೊಂಡು ಹೋಗಬೇಕು. ಈಚಿನ ಕನ್ನಡಕಗಳು ಮುಂಭಾಗದ ಕ್ಯಾಮರಾಗಳ ಮೂಲಕ ಹೊರಗಿನ ಕೋಣೆಯನ್ನೂ ತೋರಿಸುತ್ತವೆ. 2024ರಲ್ಲಿ ಆಪಲ್ ಕಂಪನಿ ತಂದ ವಿಷನ್ ಪ್ರೊ ಆಡುವವನ ಕಣ್ಣುಗಳ ಚಿತ್ರವನ್ನು ಹೊರಗಿನವರಿಗೂ ಕಾಣಿಸುವಷ್ಟು ದೂರ ಹೋಯಿತು. ಬಂದಾಗ ಅದರ ಬೆಲೆ 3,499 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 2.9 ಲಕ್ಷ ರೂಪಾಯಿ. ಮುಚ್ಚಿದ ಕಣ್ಣನ್ನು ಮತ್ತೆ ತೋರಿಸಲು ಇಷ್ಟು ಖರ್ಚು!

ಜಗಲಿಯ ಆಟವಲ್ಲದಿದ್ದರೆ ಇದು ಯಾವ ಆಟ? ಜಾತ್ರೆಯ ಆಟ ಎನ್ನಬಹುದು. ಜಾತ್ರೆಯ ತೊಟ್ಟಿಲು ಹತ್ತಿ ಕಿರುಚಿ ಇಳಿದವರು ಮನೆಯಂಗಳದಲ್ಲೂ ಒಂದು ತೊಟ್ಟಿಲು ನಿಲ್ಲಿಸಿಕೊಳ್ಳಬೇಕೆಂದು ಬಯಸುವುದಿಲ್ಲ. ಬಿಡದಿಯ ಬಳಿ 2005ರಿಂದ ಇರುವ ವಂಡರ್‌ಲಾಕ್ಕೆ ವರ್ಷಕ್ಕೊಮ್ಮೆ ಹೋದರೆ ತೃಪ್ತಿ. ದೊಡ್ಡ ಊರುಗಳ ಮಾಲುಗಳಲ್ಲಿ ಹತ್ತು ನಿಮಿಷಕ್ಕೆ ಇಷ್ಟೆಂದು ದುಡ್ಡು ಕೊಟ್ಟು ವಿ.ಆರ್. ಆಡುವವರ ಮುಖದಲ್ಲಿ ಕಾಣುವ ಬೆರಗು ಸುಳ್ಳಲ್ಲ. ಆ ಬೆರಗನ್ನು ನಂಬಿ, ಇದು ದಿನದ ಅಭ್ಯಾಸವಾಗುತ್ತದೆ ಎಂದು ಲೆಕ್ಕ ಹಾಕಿದವರ ಲೆಕ್ಕ ತಪ್ಪಿತು. ಮೊದಲ ಹತ್ತು ನಿಮಿಷದ ಸಂತೋಷವೇ ಬೇರೆ, ಮೂರನೆಯ ತಿಂಗಳಲ್ಲೂ ಉಳಿಯುವ ಸಂತೋಷವೇ ಬೇರೆ.

ಬೆಂಗಳೂರಿನ ಒಂದು ಉದಾಹರಣೆ

ಈ ತಪ್ಪು ಲೆಕ್ಕದ ಬಿಸಿ ಕರ್ನಾಟಕಕ್ಕೂ ತಾಗಿದೆ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಅವರು ಕಟ್ಟಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಲ ತಲೆಮಾರಿನ ಆಟದ ಕಂಪನಿಗಳಲ್ಲಿ ಒಂದು. ವಿದೇಶದ ದೊಡ್ಡ ದೊಡ್ಡ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಗಿಡಮರಗಳನ್ನು ಇಲ್ಲಿನ ಕಲಾವಿದರು ಕಂಪ್ಯೂಟರಿನಲ್ಲಿ ರೂಪಿಸುತ್ತಿದ್ದರು. 2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಎಂಬ ಕಂಪನಿ ಧ್ರುವದ ಶೇಕಡ 90ರಷ್ಟು ಪಾಲನ್ನು ಸುಮಾರು 85 ಲಕ್ಷ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಈ ಸ್ಟಾರ್‌ಬ್ರೀಜ್ ಆಗ ವಿ.ಆರ್. ಸಂಭ್ರಮದ ನಟ್ಟನಡುವೆ ಇತ್ತು. ಏಸರ್ ಕಂಪನಿಯ ಜೊತೆ ಸೇರಿ ಸ್ಟಾರ್‌ವಿಆರ್ ಎಂಬ ಅಗಲ ನೋಟದ ಕನ್ನಡಕವನ್ನು ತಯಾರಿಸುತ್ತಿತ್ತು. ಸಿನಿಮಾ ಪರದೆಗೆ ಹೆಸರಾದ ಐಮ್ಯಾಕ್ಸ್ 2017ರ ಆರಂಭದಲ್ಲಿ ಲಾಸ್ ಏಂಜಲೀಸಿನಲ್ಲಿ ತೆರೆದ ವಿ.ಆರ್. ಕೇಂದ್ರದಲ್ಲಿ ಈ ಕನ್ನಡಕವೂ ಇತ್ತು.

ಮುಂದಿನ ಎರಡೇ ವರ್ಷಗಳಲ್ಲಿ ಲೆಕ್ಕ ಬುಡಮೇಲಾಯಿತು. ಐಮ್ಯಾಕ್ಸ್ ತೆರೆದ ಏಳು ಕೇಂದ್ರಗಳೂ 2019ರ ಆರಂಭದ ಹೊತ್ತಿಗೆ ಮುಚ್ಚಿದವು. 2018ರ ಕೊನೆಯಲ್ಲಿ ಸ್ಟಾರ್‌ಬ್ರೀಜ್ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಇದಕ್ಕೆ ವಿ.ಆರ್. ಒಂದೇ ಕಾರಣ ಎಂದರೆ ಅನ್ಯಾಯವಾದೀತು. ಆ ವರ್ಷ ಅದು ಹೊರತಂದ ದೊಡ್ಡ ಸಾಮಾನ್ಯ ಆಟವೊಂದು ನೆಲಕಚ್ಚಿದ್ದು ಮುಖ್ಯ ಪೆಟ್ಟು. ಆದರೆ ಹತ್ತು ಕಡೆ ಕೈಚಾಚಿದ್ದ ಕಂಪನಿಗೆ ಆ ಪೆಟ್ಟನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲ, ಆ ಹತ್ತರಲ್ಲಿ ವಿ.ಆರ್. ಕೂಡ ಒಂದು. 2019ರ ಮೇ ತಿಂಗಳಲ್ಲಿ ಧ್ರುವವನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಕಂಪನಿಗೆ ಮಾರಲಾಯಿತು. ಧ್ರುವದ ಕಲಾವಿದರು ಬೆಂಗಳೂರಿನಲ್ಲಿ ಆಗಲೇ ಇದ್ದ ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿಕೊಂಡರು. ಕೊಂಡವನ ಕನಸು ಒಡೆಯಿತು. ಕಾರು, ಕಟ್ಟಡ, ಗಿಡಮರಗಳನ್ನು ರೂಪಿಸಬಲ್ಲ ಕೈಗಳಿಗೆ ಮಾತ್ರ ಬೇಡಿಕೆ ಉಳಿಯಿತು. ಹಾಸನದ ಕಾಲೇಜಿನಿಂದ ಹೊರಬಂದು ಈ ಉದ್ಯಮ ಸೇರಬೇಕೆನ್ನುವ ಹುಡುಗ ಹುಡುಗಿಯರು ಗಮನಿಸಬೇಕಾದದ್ದು ಇದನ್ನೇ. ಯಾವುದೋ ಒಂದು ಕನ್ನಡಕವನ್ನು ನಂಬಿ ಕಲಿತದ್ದು ಆ ಕನ್ನಡಕದ ಜೊತೆಗೇ ಹೋಗುತ್ತದೆ. ಚಿತ್ರ ಬರೆಯುವುದು, ಆಕಾರ ಕಟ್ಟುವುದು, ಪ್ರೋಗ್ರಾಂ ಬರೆಯುವುದು ಹೋಗುವುದಿಲ್ಲ.

ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಹೊಸ ನೀತಿಯನ್ನು ಹೊರಡಿಸಿದಾಗ ವಿ.ಆರ್. ಬಗೆಯ ತಂತ್ರಗಳನ್ನೂ ಅದರ ಹೆಸರಿನಲ್ಲೇ ಸೇರಿಸಿತು. ಸೇರಿಸಿದ್ದು ತಪ್ಪಲ್ಲ. ಆದರೆ ನೀತಿಯ ಹಣ ಹೋಗಬೇಕಾದ್ದು ಕನ್ನಡಕಗಳ ಖರೀದಿಗಿಂತ ಹೆಚ್ಚಾಗಿ ಕೈಗಳ ತರಬೇತಿಗೆ.

ಕಲ್ಲು ಕಲಿಸುವ ಪಾಠ

ಇಷ್ಟಾದ ಮೇಲೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಕಡೆ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಹನ್ನೆರಡನೆಯ ಶತಮಾನದ ಈ ಗುಡಿ ಜಗತಿ ಎಂಬ ಎತ್ತರದ ಕಟ್ಟೆಯ ಮೇಲೆ ನಿಂತಿದೆ. ಗೋಡೆ ನೇರವಾಗಿಲ್ಲ. ನಕ್ಷತ್ರದ ಮೂಲೆಗಳಂತೆ ಒಳಹೊರಗೆ ಮಡಿಚಿಕೊಂಡಿದೆ. ಕೆಳಗಿನ ಪಟ್ಟಿಕೆಗಳಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು. ಅದರ ಮೇಲೆ ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಅದರ ಮೇಲೆ ದೊಡ್ಡ ದೇವತಾಮೂರ್ತಿಗಳ ಸಾಲು. ಆನೆಗಳನ್ನು ನೋಡಲು ಬಗ್ಗಬೇಕು, ದೇವತೆಗಳನ್ನು ನೋಡಲು ತಲೆಯೆತ್ತಬೇಕು. ಬೇಲೂರಿನಲ್ಲಿ ಮದನಿಕೆಯರನ್ನು ನೋಡಲು ಕತ್ತನ್ನೇ ಹಿಂದಕ್ಕೆ ಚೆಲ್ಲಬೇಕು. ನಾಲ್ಕು ಹೆಜ್ಜೆ ಇಟ್ಟರೆ ಗೋಡೆಯ ಹೊಸ ಮಡಿಕೆ ತೆರೆದುಕೊಳ್ಳುತ್ತದೆ, ಹಿಂದಿನದು ಮರೆಯಾಗುತ್ತದೆ. ಕಥೆ ಮುಂದುವರಿಯಬೇಕಾದರೆ ಕಾಲು ಮುಂದುವರಿಯಬೇಕು.

'ಒಳಗೆ ಹೋಗುವ' ಅನುಭವವನ್ನು ಆ ಶಿಲ್ಪಿಗಳು ಕಣ್ಣಿಗೆ ಮಾತ್ರ ಕೊಡಲಿಲ್ಲ. ಸೊಂಟಕ್ಕೆ, ಕತ್ತಿಗೆ, ಪಾದಕ್ಕೆ ಹಂಚಿದರು. ಕಣ್ಣು ಕಂಡದ್ದಕ್ಕೆ ಒಳಗಿವಿಯ ಸಾಕ್ಷಿಯಿದೆ, ಕಾಲಿನ ಸಾಕ್ಷಿಯಿದೆ. ಪಕ್ಕದಲ್ಲಿ ನಿಂತ ಮಗಳಿಗೆ ಅಪ್ಪ ಕೈಲಾಸವೆತ್ತುವ ರಾವಣನನ್ನು ತೋರಿಸಬಹುದು. ಇಬ್ಬರೂ ಒಂದನ್ನೇ ನೋಡುತ್ತಾರೆ, ಒಬ್ಬರ ಮುಖವನ್ನೊಬ್ಬರೂ ನೋಡುತ್ತಾರೆ. ವಿ.ಆರ್. ಎಡವಿದ್ದು ಈ ಎರಡು ಕಡೆಯೇ.

ಹಾಗೆಂದು ಆ ತಂತ್ರವನ್ನು ತಳ್ಳಿಹಾಕುವುದೂ ಸರಿಯಲ್ಲ. ಹಂಪಿಯ ಸ್ಮಾರಕಗಳನ್ನು ಮೂರು ಆಯಾಮಗಳಲ್ಲಿ ಅಳೆದು ಕಂಪ್ಯೂಟರಿನಲ್ಲಿ ದಾಖಲಿಸುವ ದೊಡ್ಡ ಕೆಲಸವನ್ನು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಐಐಟಿಗಳೂ ಇತರ ಸಂಸ್ಥೆಗಳೂ ಸೇರಿ ಕೈಗೊಂಡವು. ಅದರ ಫಲಗಳು 2017ರಲ್ಲಿ ಪುಸ್ತಕವಾಗಿಯೂ ಬಂದವು. ಮೆಟ್ಟಿಲು ಹತ್ತಲಾಗದ ವೃದ್ಧರಿಗೆ, ದೂರದೂರಿನ ಶಾಲೆಯ ಮಕ್ಕಳಿಗೆ, ಕುಸಿದುಹೋದ ಶಿಖರ ಹೇಗಿದ್ದೀತು ಎಂದು ಊಹಿಸುವ ವಿದ್ವಾಂಸರಿಗೆ ಇಂಥ ದಾಖಲೆ ಅಮೂಲ್ಯ. ಇಲ್ಲಿ ಯಾರನ್ನೂ ಕುದುರೆಯ ಮೇಲೆ ಓಡಿಸಬೇಕಿಲ್ಲ. ನಿಂತು ಸುತ್ತ ನೋಡಿದರೆ ಸಾಕು. ಕಣ್ಣಿಗೂ ಕಿವಿಗೂ ಜಗಳವಿಲ್ಲ.

ಮನೆಗೆ ಕೊಳ್ಳುವವರು, ಶಾಲೆಗೆ ಕೊಳ್ಳುವವರು ಮೂರು ಮಾತು ನೆನಪಿಟ್ಟುಕೊಂಡರೆ ಒಳಿತು. ಮಗುವಿನ ವಯಸ್ಸನ್ನು ಕೇಳಬೇಕು. ಸೋನಿ ತನ್ನ ಮೊದಲ ಕನ್ನಡಕಕ್ಕೆ 12 ವರ್ಷದ ಗೆರೆ ಎಳೆದಿತ್ತು. ಮೆಟಾ 13ರ ಗೆರೆಯನ್ನು 2023ರಲ್ಲಿ, ಹೆತ್ತವರ ಒಪ್ಪಿಗೆಯ ಮೇಲೆ, 10ಕ್ಕೆ ಇಳಿಸಿತು. ಗೆರೆ ಇದೆ ಎಂಬುದೇ ಎಚ್ಚರಿಕೆ. ಹೊತ್ತನ್ನು ಅಳೆಯಬೇಕು. ತಲೆ ಭಾರವಾದೊಡನೆ ತೆಗೆದಿಡಬೇಕು, ಅಭ್ಯಾಸವಾಗುತ್ತದೆಂದು ಹಟ ಹಿಡಿಯಬಾರದು. ಇನ್ನು, ಕೊಳ್ಳುವ ಮುಂಚೆ ಪ್ರದರ್ಶನದ ಹತ್ತು ನಿಮಿಷವನ್ನು ನಂಬದೆ, ಆಗಲೇ ಕೊಂಡವರನ್ನು ಹುಡುಕಿ ಒಂದು ಪ್ರಶ್ನೆ ಕೇಳಬೇಕು: ಕಳೆದ ವಾರ ಎಷ್ಟು ದಿನ ಹಾಕಿಕೊಂಡಿರಿ?

ಕೊಟ್ಟ ಮಾತು ಉಳಿಯಿತೇ ಎಂಬ ಮೊದಲ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಬೆರಗು ಹುಟ್ಟಿಸುತ್ತೇವೆ ಎಂಬ ಮಾತು ಉಳಿಯಿತು. ದಿನದ ಬದುಕನ್ನು ಬದಲಿಸುತ್ತೇವೆ ಎಂಬ ಮಾತು ಉಳಿಯಲಿಲ್ಲ. ಜಾತ್ರೆಯನ್ನು ಜಾತ್ರೆಯೆಂದೇ ತಿಳಿದು ಹೋದವನು ಕಡಲೆಪುರಿ, ಬೆಂಡು ಬತ್ತಾಸು ಕಟ್ಟಿಸಿಕೊಂಡು ಸಂತೋಷದಿಂದ ಮನೆಗೆ ಬರುತ್ತಾನೆ. ಅದೇ ಊರು ಎಂದುಕೊಂಡು ಅಲ್ಲಿ ಮನೆ ಕಟ್ಟಿಸಲು ಹೋದವನು ಗುಡಾರ ಬಿಚ್ಚಿದ ಮರುದಿನ ಬಯಲಲ್ಲಿ ನಿಲ್ಲುತ್ತಾನೆ.